ಸಾತವ್ವನ ಹೆಸರಿನ ಮಾಗಣಿ

ಹೇಳಲೋ, ಬೇಡವೋ...?

ಹೇಳಿದರೆ ಇಷ್ಟು ಮಂದಿಯ ಎದುರು ಜಗಳ. ಹೇಳದಿದ್ದರೆ ಓಣಿಯ ಹೆಂಗಸರೆಲ್ಲ ಮೋಸ ಹೋಗುತ್ತಾರೆ. ಅಥವಾ ನನ್ನ ಕಣ್ಣೇ ತಪ್ಪಿದೆಯೋ? ಬಿಳಿ ಮರಿ, ಹೊಸ ಜಾತಿ, ದೂರದ ಪೇಟೆಯಿಂದ ಬಂದವು. ನಮ್ಮ ಹಿತ್ತಲ ಕೋಳಿಯ ಗುರುತು ಇವಕ್ಕೆ ಹೊಂದದೆಯೂ ಇರಬಹುದು...

ಸಾತವ್ವ ಅಂಗೈಯಲ್ಲಿದ್ದ ಮರಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ತಿಂಗಳು ತುಂಬದ ಮರಿ. ಕಾಲು ದಪ್ಪ. ಜುಟ್ಟಿನ ಬುಡದಲ್ಲಿ ಆಗಲೇ ಕೆಂಪು. ಎದೆ ಉಬ್ಬಿಸಿಕೊಂಡು ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು.

ಇಲ್ಲ. ಕಣ್ಣು ತಪ್ಪಿಲ್ಲ!

"ಇವು ಹ್ಯಾಟಿ ಅಲ್ರಿ," ಅಂದಳು ಗಟ್ಟಿಯಾಗಿ. "ಹುಂಜ ಅದಾವ!"

ಮಹಾರಾಷ್ಟ್ರದ ಮಿರಜ ಹತ್ತಿರದ ಮಾಲಗಾಂವದ ಚಾವಡಿಯ ಮುಂದೆ ಸಾಲು ನಿಂತಿದ್ದ ಹೆಂಗಸರೆಲ್ಲ ಒಮ್ಮೆಲೇ ತಿರುಗಿದರು.

ಅದು ಸಕ್ಕರೆಗೊಂದು, ಹಾಲಿಗೊಂದು, ನೂಲಿಗೊಂದು ಸೊಸಾಯಟಿ ಹುಟ್ಟಿದ ಕಾಲ. ಕಡೆಗೆ ಕೋಳಿಗೂ ಒಂದು ಹುಟ್ಟಿತ್ತು. ಅಥಣಿ, ಜಮಖಂಡಿ ಕಡೆಯಿಂದ ಕೂಲಿಗೆ ಬಂದು ಇಲ್ಲೇ ಬೇರು ಬಿಟ್ಟವರ ಓಣಿಯ ಹೆಂಗಸರಿಗೆ ತಲಾ ಇಪ್ಪತ್ತು ಮರಿ. ಎಲ್ಲವೂ ಹೆಣ್ಣು, ಐದು ತಿಂಗಳಿಗೆ ದಿನಾ ತತ್ತಿ ಎಂದು ಹೇಳಿ ಎಲ್ಲರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿದ್ದರು.

"ಯಾರು ಅಂದಿದ್ದು?"

ಮೇಜಿನ ಹಿಂದಿನಿಂದ ಒಬ್ಬ ತರುಣ ತಲೆ ಎತ್ತಿದ. ಸೊಸಾಯಟಿಯ ಹೊಸ ಸುಪರವಾಯಜರ್ ದಶರಥ. ಕವಲಾಪುರದವನು. ಅವನ ಮನೆಯವರೂ ಇವರಂತೆಯೇ ಕೂಲಿಗೆ ಬಂದವರು. ಆದರೆ ಅವನು ಮ್ಯಾಟ್ರಿಕ್ ಪಾಸಾಗಿದ್ದ. ಓದಿದ್ದೆಲ್ಲ ಮರಾಠಿ. ಕನ್ನಡ ಕಿವಿಗೆ ಚೆನ್ನಾಗಿ ಬರುತ್ತಿತ್ತು, ನಾಲಿಗೆಗೆ ಅಷ್ಟಕ್ಕಷ್ಟೆ.

"ನಾ ಅಂದೆ."

"ಕಾಗದದಾಗ ಮಾದಿ, ಹೆಣ್ಣು ಅಂತ ಬರದಾರ್ರಿ."

"ಕಾಗದಾ ತತ್ತಿ ಇಡತೈತೇನ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ದಶರಥನ ಕಿವಿ ಕೆಂಪಾದವು. ಸಾತವ್ವ ಮುಂದೆ ಬಂದು ಕೈ ಚಾಚಿದಳು.

"ನಿಮ್ಮ ಟೊಪ್ಪಿಗಿ ಕೊಡ್ರಿ ಇಲ್ಲೆ."

ಯಾಕೆ ಎಂದು ಅವನು ಕೇಳಲಿಲ್ಲ. ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಕೊಟ್ಟ. ಅವಳು ತನ್ನ ಪಾಲಿನ ಇಪ್ಪತ್ತು ಮರಿಗಳನ್ನು ಗೋಣಿತಟ್ಟಿನ ಮೇಲೆ ಬಿಟ್ಟಳು, ಅವು ನೆಲ ಕೆದಕಲು ಶುರುಮಾಡುವ ತನಕ ಕಾದಳು, ಆಮೇಲೆ ಟೊಪ್ಪಿಗೆಯನ್ನು ಅವುಗಳ ಮೇಲಿಂದ ಹಾರಿಸಿ ಒಗೆದಳು!

ನೆರಳು ಹಾಯಿತು. ರೆಪ್ಪೆ ಬಡಿಯುವಷ್ಟರಲ್ಲಿ ಕೆಲವು ಮರಿ ನೆಲಕ್ಕೆ ಅಂಟಿಕೊಂಡವು. ಉಳಿದವು ಕತ್ತು ನೆಟ್ಟಗೆ ಮಾಡಿ ಚೀರುತ್ತ ನಿಂತವು.

"ಹದ್ದು ಬಂತಂದ್ರ ಹ್ಯಾಟಿ ಮುದುರತಾವ. ಹುಂಜ ಕತ್ತ ಎತ್ತತಾವ. ಈಗ ನೋಡ್ರಿ, ಮುದುರಿದ್ದು ಆರು. ನಿಂತಿದ್ದು ಹದಿನಾಕು."

ಕುರ್ಚಿಯಲ್ಲಿ ಕೂತಿದ್ದ ಚೇರಮನ್ ರಾವಸಾಬರು ಗದರಿದರು. "ಏ ಪೋರಿ, ಇದು ಸೊಸಾಯಟಿ. ಸರ್ಕಸ್ ಅಲ್ಲ. ಮರಿ ಬೇಕಾದ್ರ ತಗೋ, ಇಲ್ಲಾಂದ್ರ ಹಾದಿ ಹಿಡಿ."

ಸಾತವ್ವ ದಶರಥನನ್ನೇ ನೋಡಿದಳು. ಅವನು ಕಂಡಿದ್ದ. ಕಣ್ಣಾರೆ ಕಂಡಿದ್ದ! ಆದರೂ ಟೊಪ್ಪಿಗೆಯ ಧೂಳು ಕೊಡವಿ, ಚೀಟಿಯ ಮೇಲೆ 'ಮಾದಿ' ಎಂದು ಬರೆದು, ಕೆಳಗೆ ಸಹಿ ಮಾಡಿದ.

'ಬಾಯಿ ಇಲ್ಲದ ಮನುಷ್ಯ,' ಅಂದುಕೊಂಡಳು.

* * *

ಮರುದಿನ ಅದೇ ಮನುಷ್ಯನ ಸೈಕಲ್ಲು ಅವಳ ಬೇಲಿಯ ಹೊರಗೆ ನಿಂತಿತು.

"ಗುರುತ ಹಿಡಿಯೂದು ನನಗ ಕಲಸ್ತೀರೇನು?"

"ಯಾಕ್ರಿ? ಕಾಗದಾ ಕಲಸಲಿಲ್ಲೇನು?"

ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವಳು ಕಲಿಸಿದಳು. ಹುಂಜದ ಜುಟ್ಟು ಮೊದಲು ಕೆಂಪಾಗುತ್ತದೆ. ಹ್ಯಾಟಿಯ ಬಾಲಕ್ಕೆ ಗರಿ ಬೇಗ. ಕೈಯಲ್ಲಿ ಹಿಡಿದಾಗ ಕಾಲಿನ ಎಲುಬೇ ಹೇಳುತ್ತದೆ. ಅವನು ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಿದ್ದ.

ಎರಡು ದಿನಕ್ಕೊಮ್ಮೆ ಬರತೊಡಗಿದ. ಬಂದರೆ ಅರ್ಧ ತಾಸು. ಮಾತು ನಾಲ್ಕೋ ಐದೋ. ಉಳಿದದ್ದೆಲ್ಲ ಮೌನ. ವಿಚಿತ್ರವೆಂದರೆ ಆ ಮೌನ ಸಾತವ್ವನಿಗೆ ಭಾರ ಅನ್ನಿಸಲಿಲ್ಲ. ಅವನು ಹೋದ ಮೇಲೆ ಅಂಗಳವೇ ಖಾಲಿ ಅನ್ನಿಸುತ್ತಿತ್ತು.

'ಇವನಿಗೆ ಗುರುತು ಹಿಡಿಯುವುದು ಬಂದಿದೆ. ಆದರೂ ಯಾಕೆ ಬರುತ್ತಾನೆ...?'

ಉತ್ತರ ಶನಿವಾರ ಬಂತು. ಅಂದರೆ, ಬಂತು ಎಂದು ಅವಳು ತಿಳಿದಳು.

ಅವಳ ಅವ್ವ ಕೆಂಪವ್ವ ಅಂಗಳ ಗುಡಿಸುತ್ತಿದ್ದಳು. ದಶರಥ ಸೈಕಲ್ಲಿನಿಂದ ಇಳಿಯದೆಯೇ, ಒಂದು ಕಾಲು ನೆಲಕ್ಕೂರಿ ಹೇಳಿದ.

"ಮಾವಶಿ, ಸೋಮವಾರ ಮನಿಗೆ ಬರ್ತೇನ್ರಿ. ಮಾಗಣಿ ಹಾಕೂದೈತಿ. ಸಾತವ್ವಾರ ಹೆಸರಿಲೇನ."

ಕೆಂಪವ್ವನ ಕೈಯಿಂದ ಕಸಬರಿಗೆ ಜಾರಿತು.

ಮರಾಠಿಯಲ್ಲಿ ಮಾಗಣಿ ಎಂದರೆ ಬೇಡಿಕೆ. ಸೊಸಾಯಟಿಯ ಕಚೇರಿಯಲ್ಲಿ ಗೊಬ್ಬರಕ್ಕೆ, ಬೀಜಕ್ಕೆ, ಮರಿಗೆ ಮಾಗಣಿ 'ನೋಂದಿಸುತ್ತಾರೆ'. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು, ಮಗಳನ್ನು ಕೊಡಿ ಎಂದು ಮಾಗಣಿ 'ಹಾಕುತ್ತಾರೆ'. ಕನ್ನಡದಲ್ಲಿ ಅರ್ಜಿ ಹಾಕುವುದಿಲ್ಲವೇ, ಹಾಗೆಯೇ ಇದೂ ಎಂದು ದಶರಥನ ಅರೆಬರೆ ಕನ್ನಡ ಲೆಕ್ಕ ಹಾಕಿತ್ತು. ಹದಿನಾಲ್ಕು ಹುಂಜದ ಬದಲು ಹ್ಯಾಟಿ ಕೊಡಬೇಕೆಂಬ ಅರ್ಜಿಯದು, ಅಷ್ಟೆ.

ಆದರೆ ಸೊಸಾಯಟಿಯ ಕಚೇರಿಯನ್ನು ಆ ಓಣಿಯಲ್ಲಿ ಯಾರು ಕಂಡಿದ್ದರು? ಮದುವೆ ಎಲ್ಲರೂ ಕಂಡಿದ್ದರು.

* * *

ಸೋಮವಾರ.

ಅಂಗಳಕ್ಕೆ ಸಗಣಿ ಸಾರಿಸಿತ್ತು. ಹೆಣ್ಣು ನೋಡಲು ಬಂದವರಿಗೆ ಕೊಡುವ ಕಾಂದಾಪೋಹೆಯ, ಈರುಳ್ಳಿ ಅವಲಕ್ಕಿಯ, ಘಮ ಬೇಲಿ ದಾಟಿತ್ತು. ಅಪ್ಪನಿಲ್ಲದ ಮನೆ. ಓಣಿಯ ಹಿರಿಯ ಧೋಂಡಿಬಾ ಕಾಕಾ ತಲೆಗೆ ಪಟಕಾ ಸುತ್ತಿಕೊಂಡು ಅಪ್ಪನ ಜಾಗದಲ್ಲಿ ಕೂತಿದ್ದ. ಬೇಲಿಯಾಚೆ ಪಕ್ಕದ ಮನೆಯ ಸೋನಾಬಾಯಿ, ಅವಳ ಹಿಂದೆ ಅರ್ಧ ಓಣಿ.

"ಬರ್ರಿ, ಬರ್ರಿ, ಕುಂದ್ರಿ. ಒಬ್ಬರ ಬಂದೀರಿ? ಹಿರೇರು?"

"ಸಾಹೇಬ್ರು ಮಿರಜಿಗೆ ಹೋಗ್ಯಾರ್ರಿ ಕಾಕಾ. ನೀನ ಹೋಗಿ ಮುಗಿಸಿಕೊಂಡ ಬಾ ಅಂದ್ರು."

'ಅಪ್ಪಗ ಸಾಹೇಬ್ರ ಅಂತಾನ, ಎಂಥಾ ಮರ್ಯಾದಿ!' ಎಂದು ಕಾಕಾ ತಲೆದೂಗಿದ. "ಆತು. ನಿಮ್ಮ ಮಾಗಣಿ ಏನೈತಿ, ಬಾಯಿ ಬಿಟ್ಟ ಹೇಳ್ರಿ. ನಮ್ಮದು ಬಡವರ ಮನಿ ನೋಡ್ರಿ."

"ಭಾಳೇನಿಲ್ರಿ. ಹದಿನಾಕು ಹ್ಯಾಟಿ."

"ಹದಿನಾಕು!" ಕಾಕಾನ ಮೀಸೆ ಅಲುಗಿತು. "ಅಷ್ಟು ನಾವೆಲ್ಲಿಂದ ಕೊಡೂದ್ರಿ?"

"ಛೇ, ನೀವಲ್ಲ. ನಾವು ಕೊಡತೇವಿ. ನೀವು ಹುಂಜ ವಾಪಸ ಕೊಟ್ರ ಸಾಕು."

ಬಾಗಿಲ ಹಿಂದೆ ಕೆಂಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೇಳಿದೇನ ಸಾತೂ? ಅವರ ಕೊಡತಾರಂತ! ಹೆಣ್ಣು ಹಡದದ್ದಕ್ಕ ಇವತ್ತ ಸಾರ್ಥಕ ಆತು."

ಸಾತವ್ವ ಹಸಿರು ಇಳಕಲ್ಲು ಸೀರೆಯಲ್ಲಿ ಹೊರಗೆ ಬಂದಳು. ಮುಡಿಯಲ್ಲಿ ಅಬ್ಬಲಿಗೆ. ಕೈಯಲ್ಲಿ ತಾಟು. ದಶರಥ ತಲೆ ಎತ್ತಿದವನು ನೋಡುತ್ತಲೇ ಉಳಿದ. ಒಂದು ಕ್ಷಣ, ತಾನು ಬಂದ ಕೆಲಸವನ್ನೇ ಮರೆತಂತಿದ್ದ. ಆಮೇಲೆ ಕಿಸೆಯಿಂದ ಮಡಿಸಿದ ಕಾಗದ ತೆಗೆದು ಚಾಚಿದ.

"ಇಲ್ಲೆ... ನಿಮ್ಮ ಸಹಿ ಬೇಕ್ರಿ."

ಅವಳು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಓದಿದವಳು. ಮೊದಲ ಸಾಲು ಓದಿದಳು. ಕೋಳಿ ಮರಿಗಳ ಮಾಗಣಿ ಅರ್ಜಿ. ಎರಡನೆಯ ಸಾಲು ಓದಲಾಗಲಿಲ್ಲ. ಅಕ್ಷರಗಳೆಲ್ಲ ಕಲಸಿಹೋದವು.

"ಅವ್ವಾ..." ಅವಳ ದನಿ ನಡುಗಲಿಲ್ಲ. ನಡುಗಗೊಡಲಿಲ್ಲ. "ಇವರು ನನ್ನ ಕೇಳಾಕ ಬಂದಿಲ್ಲ. ಮರಿ ಕೇಳಾಕ ಬಂದಾರ."

ಬೇಲಿಯಾಚೆ ಸೋನಾಬಾಯಿಯ ನಗು ಕಿಸಕ್ಕೆಂದಿತು.

ದಶರಥ ಅವಳ ಸೀರೆ ನೋಡಿದ. ತಾಟು ನೋಡಿದ. ಕಾಕಾನ ಪಟಕಾ ನೋಡಿದ. ಆಗ ಅವನಿಗೆ ಎಲ್ಲ ತಿಳಿಯಿತು. ಮುಖ ಬಿಳಿಚಿತು. ತುಟಿ ಅಲುಗಿದವು.

'ಏನಾದರೂ ಅನ್ನು... ಒಂದು ಮಾತು. ತಪ್ಪಾಯಿತು ಅನ್ನು, ಇಲ್ಲವೇ ಬೈದುಬಿಡು. ಏನಾದರೂ!'

ಅವನು ಏನೂ ಅನ್ನಲಿಲ್ಲ.

"ಪೆನ್ನು ಕೊಡ್ರಿ," ಅಂದಳು ಸಾತವ್ವ. ನಿಂತಲ್ಲೇ, ತಾಟಿನ ಅಂಚಿನ ಮೇಲೆ ಕಾಗದವಿಟ್ಟು, ಹರಿಯುವಷ್ಟು ಒತ್ತಿ ಸಹಿ ಮಾಡಿದಳು. "ಆತಲ್ಲ? ಇನ್ನ ನಡೀರಿ."

* * *

ಓಣಿಗೆ ಅದು ಹಬ್ಬವಾಯಿತು.

"ಸಾತವ್ವಾ, ಅರಿಷಿಣ ಹ್ಯಾಟಿಗೋ, ನಿನಗೋ?"

"ಅಕ್ಕಿಕಾಳು ಹಾಕಾಕ ನಮ್ಮನ್ನೂ ಕರೀ. ಮರಿ ತಿನ್ನಾಕ ಆಗತಾವ!"

ಅವಳು ಕೊಡ ಹೊತ್ತುಕೊಂಡು ಅದೇ ಹಾದಿಯಲ್ಲಿ, ಅದೇ ಹೊತ್ತಿಗೆ, ತಲೆ ಎತ್ತಿಯೇ ನಡೆದಳು. ನಗು ಅವಳನ್ನು ಅಷ್ಟು ಸುಡಲಿಲ್ಲ. ಸುಟ್ಟದ್ದು ಸೋನಾಬಾಯಿಯ ಒಂದು ಮಾತು.

"ಮಾಗಣಿ ಅಂದ್ರೇನಂತ ತಿಳೀಲಿಲ್ಲ ಈಕಿಗೆ. ಮರಿ ಏನ್ ತಿಳೀತಾವ? ಈಕಿ ಮಾತ ಕೇಳಿ ನಾವೂ ಹುಂಜ ಹುಂಜ ಅಂತ ಬಾಯಿ ಬಡಕೊಂಡಿವಿ."

ಅಲ್ಲಿಗೆ ಓಣಿಯ ಹೆಂಗಸರೆಲ್ಲ ಹುಂಜದ ದೂರು ಬಿಟ್ಟರು. ಅರ್ಜಿಯನ್ನು ರಾವಸಾಬರು ಮೇಜಿನ ಖಾನೆಯಲ್ಲಿ ತುರುಕಿ, "ಎಲ್ಲಾ ಹ್ಯಾಟಿ ಅಂತ ಮ್ಯಾಲಿನವರಿಗೆ ವರದಿ ಹೋಗೇತಿ. ಲಗ್ನದ ಹುಚ್ಚಿನ ಪೋರಿ ಮಾತಿಗೆ ಅದನ್ನ ಬದಲಿ ಮಾಡಲೇನು?" ಅಂದರಂತೆ.

ಸಾತವ್ವನ ಹತ್ತಿರ ಇದ್ದದ್ದು ಅವಳ ಮಾತೊಂದೇ. ಈಗ ಅದನ್ನೇ ಯಾರೂ ನಂಬುತ್ತಿರಲಿಲ್ಲ.

"ಬೇಡಗ ಊರಾಗಿನ ನಿನ್ನ ಮಾವಶಿ ಮನಿಗೆ ಹೋಗಿ ಒಂದ ತಿಂಗಳ ಇದ್ದ ಬಾ ಮಗಳ," ಎಂದು ಕೆಂಪವ್ವ ಅತ್ತಳು. "ಮಂದಿ ಮರೀತಾರ."

"ಹೋಗಂಗಿಲ್ಲ."

"ಯಾಕ ಹಟ?"

"ನಾ ಹೋದ್ರ ಈ ಹುಂಜೆಲ್ಲಾ ಹ್ಯಾಟಿ ಆಗತಾವ ಅವ್ವಾ!"

ಸೈಕಲ್ಲು ಬರುವುದು ನಿಂತಿತ್ತು. ಬೇಲಿಯ ಹೊರಗೆ ಚಕ್ರದ ಸದ್ದಾದಾಗಲೆಲ್ಲ ಅವಳ ಕೈ ಕೆಲಸ ಬಿಡುತ್ತಿತ್ತು. ಆಮೇಲೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. 'ಬಾಯಿಲ್ಲದವನಿಗಾಗಿ ಕಿವಿ ಯಾಕೆ ತೆರೆದಿಟ್ಟಿದ್ದೀ, ಸಾತವ್ವಾ?'

ತಿಂಗಳ ಮೇಲೆ ಹದಿನೈದು ದಿನ ಕಳೆದಿತ್ತು. ಒಂದು ಮುಂಜಾನೆ ಸೋನಾಬಾಯಿಯ ಬುಟ್ಟಿಯೊಳಗಿಂದ ಕರ್ಕಶ ದನಿಯೊಂದು ಎದ್ದಿತು. ಹರೆಯದ ಹುಡುಗನ ಗಂಟಲು ಒಡೆದಂಥ ದನಿ.

"ಕೊಕ್... ಕೊಕ್ಕೊರ್..."

ಸ್ವಲ್ಪ ಹೊತ್ತಿಗೆ ಸೋನಾಬಾಯಿ ಬೇಲಿಯ ಹತ್ತಿರ ಬಂದು ನಿಂತಳು. ಮುಖ ಎತ್ತಲಿಲ್ಲ.

"ಸಾತೂ... ನನ್ನ ಹ್ಯಾಟಿ ಕೂಗಾಕತ್ತಾವ."

ಸಾತವ್ವ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲಿನ ನಗು. "ಕೂಗಲಿ ಬಿಡು ಅಕ್ಕಾ. ಗುರುವಾರ ಸೊಸಾಯಟಿ ಸಭಾ ಐತಿ. ಅಲ್ಲಿ ಕೂಗಸೂನು!"

* * *

ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಗಂಡಸರೆಲ್ಲ ಮುಂದೆ. ಓಣಿಯ ಹೆಂಗಸರು ಹದಿನೇಳು ಬುಟ್ಟಿಗಳನ್ನು ಸೆರಗಿನಡಿ, ತಲೆಯ ಮೇಲೆ, ಸೊಂಟದ ಮೇಲೆ ಹೊತ್ತು ತಂದು ಹಿಂದೆ ಕೂತರು. ರಾವಸಾಬರು ಮರಾಠಿಯಲ್ಲಿ ಭಾಷಣ ಶುರುಮಾಡಿ, ನಡುವೆ ಹೆಂಗಸರ ಕಡೆ ನೋಡಿ ಕನ್ನಡಕ್ಕೆ ಹೊರಳಿದರು.

"ನಮ್ಮ ಸೊಸಾಯಟಿ ಕೊಟ್ಟ ಮರಿ ಒಂದೂ ಬಿಡದಂಗ ಹ್ಯಾಟಿ! ಇಡೀ ಜಿಲ್ಲಾದಾಗ..."

ಸಾತವ್ವ ಬುಟ್ಟಿಯ ಮೇಲಿನ ಗೋಣಿ ಸರಿಸಿದಳು. ಬೆಳಕು ಕಂಡ ಹುಂಜ ಕತ್ತು ಚಾಚಿ ಒಂದೇ ಸಮನೆ ಕೂಗಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಹದಿನೇಳು ಬುಟ್ಟಿಗಳೂ ತೆರೆದವು. ಆಮೇಲೆ ಭಾಷಣ ಯಾರಿಗೂ ಕೇಳಿಸಲಿಲ್ಲ!

"ಸಾಹೇಬ್ರ," ಸಾತವ್ವ ಎದ್ದು ನಿಂತಳು, "ನಿಮ್ಮ ಹ್ಯಾಟಿ ಜೈಕಾರ ಹಾಕಾಕತ್ತಾವ್ರಿ!"

ನಗೆಯ ಅಲೆ ಎದ್ದಿತು. ರಾವಸಾಬರ ಮುಖ ಕಪ್ಪಿಟ್ಟಿತು.

"ಇವು ಸೊಸಾಯಟಿ ಮರಿ ಅನ್ನೂದಕ್ಕ ಏನ ಪುರಾವೆ? ಎಲ್ಲಿಂದೋ ಹಿಡಕೊಂಡ ಬಂದೀರಿ. ಮಂದಿ ಈ ಪೋರಿ ಮಾತ ಕೇಳಬ್ಯಾಡ್ರಿ! ಮರಿ ಮಾಗಣಿಗೆ ಹೋದ್ರ ಲಗ್ನದ ಮಾಗಣಿ ಅಂತ ಸೀರಿ ಉಟ್ಟ ನಿಂತಾಕಿ ಈಕಿ!"

ಈ ಸಲದ ನಗು ಅವಳ ಕಡೆ ತಿರುಗಿತು. ಆದರೆ ಅವಳು ಕೂರಲಿಲ್ಲ. 'ಕೂತರೆ ಸೋತೆ. ನಗಲಿ. ನಾನು ನಿಂತೇ ಇರುತ್ತೇನೆ.'

"ದಶರಥ!" ರಾವಸಾಬರು ಕೂಗಿದರು. "ಮರಿ ಕೊಟ್ಟಾಂವ ನೀ. ಸಹಿ ನಿಂದು. ಏನ ಕೊಟ್ಟಿ, ಹೇಳು ಸಭಾಕ್ಕ."

ವೇದಿಕೆಯ ಪಕ್ಕದಲ್ಲಿ ಅವನು ಎದ್ದ. ಸೊರಗಿದ್ದ. ಕೈಯಲ್ಲಿ ಟೊಪ್ಪಿಗೆ ಮುದುಡಿತ್ತು. ಸಾತವ್ವ ಕಣ್ಣು ಬೇರೆ ಕಡೆ ಹೊರಳಿಸಿದಳು. ಅವನ ಮೌನವನ್ನು ಇನ್ನೊಮ್ಮೆ ನೋಡುವ ಶಕ್ತಿ ಅವಳಿಗಿರಲಿಲ್ಲ.

"ಕಾಗದದಾಗ ಹ್ಯಾಟಿ ಅದಾವ್ರಿ," ಅಂದ ದಶರಥ. ದನಿ ಸಣ್ಣದಿತ್ತು. ಆದರೂ ಪೆಂಡಾಲಿನ ಕಡೆಯ ತನಕ ಕೇಳಿಸಿತು. "ಕೊಟ್ಟದ್ದು ಹುಂಜ. ಮದಲನೇ ದಿನಾನ ಸಾತವ್ವಾರು ಹೇಳಿದ್ರು. ನನ್ನ ಕಣ್ಣೀಲೆ ನೋಡೀನಿ. ನೋಡಿನೂ ಸಹಿ ಮಾಡೀನಿ. ಆ ಸಹಿ ಸುಳ್ಳು."

"ಖಾಲಿ ಬಸ್! ಕೂಡು ಕೆಳಗ!" ಎಂದು ರಾವಸಾಬರು ಮರಾಠಿ, ಕನ್ನಡ ಎರಡರಲ್ಲೂ ಗದರಿದರು.

ಅವನು ಕೂರಲಿಲ್ಲ.

"ಇನ್ನೊಂದು ಐತ್ರಿ. ಮಾಗಣಿ ಅಂದ್ರೇನಂತ ಅವರಿಗೆ ತಿಳೀಲಿಲ್ಲ ಅಂತ ನಗತೀರಲ್ಲ? ಸೊಸಾಯಟ್ಯಾಗ ಮಾಗಣಿ ನೋಂದಸತಾರ. ಹಾಕೂದು ಹೆಣ್ಣಿನ ಮನ್ಯಾಗ. ಅವರ ಮನಿ ಮುಂದ ನಿಂತು 'ಮಾಗಣಿ ಹಾಕತೇನಿ, ಸಾತವ್ವಾರ ಹೆಸರಿಲೆ' ಅಂದಾಂವ ನಾನು. ಅವರು ಬರೋಬ್ಬರಿ ತಿಳಕೊಂಡ್ರು. ಮಾತು ತಪ್ಪಿದ್ದು ನಂದು. ಮರಿ ವಿಷಯದಾಗೂ, ಲಗ್ನದ ವಿಷಯದಾಗೂ, ಸಾತವ್ವಾರ ಮಾತು ಖರೆ ಇತ್ತು."

ಯಾರೂ ನಗಲಿಲ್ಲ. ಮೊದಲು ಎದ್ದವಳು ಸೋನಾಬಾಯಿ. "ನಮ್ಮ ಹ್ಯಾಟಿ ನಮಗ ಕೊಡ್ರಿ!" ಅಂದಳು. ಹೆಂಗಸರೆಲ್ಲ ಎದ್ದರು. ಹಿಂದಿನಿಂದ ಧೋಂಡಿಬಾ ಕಾಕಾ, ಆಮೇಲೆ ಮುಂದಿದ್ದ ಗಂಡಸರೂ ದನಿಗೂಡಿಸಿದರು. ಖಾನೆಯಲ್ಲಿದ್ದ ಅರ್ಜಿ ಹೊರಗೆ ಬಂತು. ಹುಂಜ ವಾಪಸು ಪಡೆದು ಹ್ಯಾಟಿ ಕೊಡಬೇಕೆಂದು ಠರಾವು ಪಾಸಾಗುವ ತನಕ ಯಾರೂ ಪೆಂಡಾಲು ಬಿಡಲಿಲ್ಲ.

* * *

ಸಾತವ್ವ ಖಾಲಿ ಬುಟ್ಟಿ ಎತ್ತಿಕೊಂಡು ಶಾಲೆಯ ಗೋಡೆಯ ಪಕ್ಕ ಬರುವಾಗ ಅವನು ಸೈಕಲ್ಲು ಹಿಡಿದು ನಿಂತಿದ್ದ.

"ಆ ದಿನ ಯಾಕ ಬಾಯಿ ಬಿಡಲಿಲ್ಲ?" ಅವಳು ನೇರ ಕೇಳಿದಳು.

ಅವನು ಸೈಕಲ್ಲಿನ ಗಂಟೆಯನ್ನು ಬೆರಳಲ್ಲಿ ತಿರುವಿದ. ಅವಳು ಕಾದಳು.

"ಅಲ್ಲ ಅನ್ನಾಕ ಮನಸಾಗಲಿಲ್ಲ. ಹೌದು ಅನ್ನಾಕ ಧೈರ್ಯ ಆಗಲಿಲ್ಲ."

"ನಿಮ್ಮ ಧೈರ್ಯ ಬರೂ ತನಕ ನಾ ಓಣಿ ಮಂದಿ ಮಾತು ಉಂಡೇನಿ."

"ಗೊತ್ತೈತಿ. ದಿನಾ ಹಾದಿ ಕೊನಿ ತನಕ ಬಂದು ತಿರಗಿ ಹೋಗತಿದ್ದೆ."

ಅವಳ ಎದೆಯಲ್ಲಿ ಏನೋ ಕರಗಿತು. ಆದರೆ ದನಿ ಕರಗಗೊಡಲಿಲ್ಲ. "ಈಗ ಐತೇನು ಧೈರ್ಯ?"

"ಐತಿ. ನಾಳೆ ಅಪ್ಪನ್ನ ಕರಕೊಂಡ ಬರ್ತೇನಿ. ಬರೋಬ್ಬರಿ ಮಾತಿಲೆ."

"ಬ್ಯಾಡ."

ಅವನ ಮುಖ ಇಳಿದುಹೋಯಿತು.

"ನೀವು ಬರೂದು ಬ್ಯಾಡ. ಒಮ್ಮೆ ಸೀರಿ ಉಟ್ಟ ಕಾದೇನಿ, ಇನ್ನೊಮ್ಮೆ ಕಾಯಂಗಿಲ್ಲ. ನಾಳೆ ನಾವ ಕವಲಾಪುರಕ್ಕ ಬರ್ತೇವಿ. ಅವ್ವ, ಕಾಕಾ, ಸೋನಕ್ಕ, ಎಲ್ಲಾರೂ. ಹೆಣ್ಣಿನ ಕಡಿಂದ. ಯಾರ ನಗತಾರೋ ನಗಲಿ!"

ದಶರಥ ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಕಾಂದಾಪೋಹೆ ನಾ ಮಾಡಲೇನು?"

"ಉಪ್ಪ ನೋಡಿ ಹಾಕ್ರಿ."

ಇಬ್ಬರೂ ಸ್ವಲ್ಪ ದೂರ ನಡೆದರು. ಬುಟ್ಟಿ ಅವನ ಸೈಕಲ್ಲಿನ ಹಿಂದೆ ಯಾವಾಗ ಹೋಯಿತೋ ಅವಳಿಗೆ ತಿಳಿಯಲಿಲ್ಲ.

"ನೌಕರಿ...?" ಅಂದಳು ಮೆಲ್ಲಗೆ.

"ನಾಳಿಂದ ಬರಬ್ಯಾಡ ಅಂದಾರ."

"ಹಂಗಾಮಿ ನೌಕರಿ ಅಲ್ಲೇನ್ರಿ? ಇವತ್ತಲ್ಲ ನಾಳೆ ಹೋಗೂದ ಇತ್ತು. ಮನಸಿಗೆ ಹಚ್ಚಿಕೋಬ್ಯಾಡ್ರಿ."

"ಇಲ್ಲ," ಅಂದ ಅವನು. "ಹಚ್ಚಿಕೊಂಡಿಲ್ಲ."

"ಖರೇನ?"

"ನಿನ್ನಾಣಿ."

ಮೊದಲ ಸಲ 'ನೀ' ಅಂದಿದ್ದ. ಅವಳು ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

ಅಂದು ಬೆಳಿಗ್ಗೆ ರಾವಸಾಬರು ಅವನ ನೌಕರಿ ಕಾಯಂ ಮಾಡುವ ಕಾಗದ ತೋರಿಸಿ, ಸಭೆ ಸುಸೂತ್ರ ಮುಗಿದರೆ ಸಂಜೆಗೆ ಸಹಿ ಹಾಕುತ್ತೇನೆ ಎಂದಿದ್ದರು. ಅದನ್ನು ದಶರಥ ಅವಳಿಗೆ ಎಂದೂ ಹೇಳಲಿಲ್ಲ.